ಮಾವನ ಮೀಟರೂ ಅಮ್ಮನ ಬೆರಳೂ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ಕರೆಯುವುದು ಮೀಟರ್ ಮಾವ ಅಂತಲೇ. ಮಿಕ್ಸಿ, ಫ್ಯಾನು, ಟೀವಿ ರಿಪೇರಿ ಮಾಡುವ ಅಂಗಡಿ ಅವನದು. ಒಳಗೆ ಅವನು ತಿರುಗಬೇಕಾದರೆ ಗಿರಾಕಿ ಹೊರಗೆ ನಿಲ್ಲಬೇಕು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಅವನಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ತನ್ನ ಮದುವೆಯ ದಿನವೇ ಕೂತ ಕುರ್ಚಿಯಿಂದ ಎದ್ದು, ದೀಪದ ಸರಕ್ಕೆ ಮೀಟರ್ ಹಚ್ಚಿ, "ಇದರಲ್ಲಿ ಕರೆಂಟ್ ಸೋರ್ತಿದೆ, ಯಾರೂ ಮುಟ್ಟಬೇಡಿ" ಅಂದವನು. ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ. ಯಾವುದನ್ನೇ ಆಗಲಿ ಎರಡು ಬಗೆಯಲ್ಲಿ ಅಳೆಯದೆ ಅವನು ಬಾಯಿ ಬಿಡುವುದಿಲ್ಲ.

ಅಪ್ಪ ಇದಕ್ಕೆ ತದ್ವಿರುದ್ಧ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಕೈಗುಣ ಬಂಗಾರ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡು ವರ್ಷದಿಂದ ಅಮ್ಮನ ಶ್ವಾಸಕೋಶ ಸೋತಿದೆ. ಮಂಚದ ಪಕ್ಕದ ಆಕ್ಸಿಜನ್ ಯಂತ್ರದಿಂದ ಅವಳ ಮೂಗಿಗೊಂದು ಸಣ್ಣ ಕೊಳವೆ. ಕರೆಂಟ್ ಹೋದರೆ ಆ ಯಂತ್ರ ನಿಲ್ಲುತ್ತದೆ. ಅದಕ್ಕೆಂದೇ ಮನೆಯಲ್ಲಿ ಇನ್ವರ್ಟರ್ ಇತ್ತು.

ಇತ್ತು ಅಂದೆ. ಯಾಕೆಂದರೆ ಅಪ್ಪ ಅದನ್ನು ಪಕ್ಕದ ಮನೆಯ ಟೈಲರಿಗೆ ಕೊಟ್ಟುಬಿಟ್ಟಿದ್ದ. ಫೋನಿನಲ್ಲಿ ಯಾವನೋ ತೋರಿಸಿದ ವಿಡಿಯೋ ನೋಡಿ, ತಾಮ್ರದ ತಂತಿ ಸುತ್ತಿ, ಅಯಸ್ಕಾಂತ ಕೂರಿಸಿ, ಹಳೇ ಕಾರ್ ಬ್ಯಾಟರಿ ಜೋಡಿಸಿ ಒಂದು ಪೆಟ್ಟಿಗೆ ಮಾಡಿದ್ದ. ತನಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸಿಕೊಂಡು, ಮಿಕ್ಕಿದ್ದನ್ನು ನಮಗೆ ಕೊಡುವ ಪೆಟ್ಟಿಗೆಯಂತೆ. ದಿನಾ ಸಂಜೆ ಒಂದು ಗಂಟೆ ಬಲ್ಬ್ ಉರಿಸುತ್ತಿದ್ದ. ಆಗ ಇಳಿದಿದ್ದ ವೋಲ್ಟು ಬೆಳಿಗ್ಗೆ ನೋಡಿದರೆ ಮತ್ತೆ ಏರಿರುತ್ತಿತ್ತು. "ನೋಡಿದ್ಯಾ, ತಾನೇ ತುಂಬಿಕೊಂಡಿದೆ!" ಎಂದು ಮೂರು ವಾರ ಕುಣಿದ. ಕೈ ಕೆಸರಾಗದೆ ಬಾಯಿಗೆ ಮೊಸರು ಬರುವ ಯೋಗ ನಮ್ಮ ಮನೆಗೇ ಬಂದಿತ್ತು.

ಅಷ್ಟರಲ್ಲಿ ಕರೆಂಟ್ ಆಫೀಸಿನವರು ಚೀಟಿ ಅಂಟಿಸಿದರು. ಕಂಬ ಬದಲಿಸುತ್ತಾರಂತೆ, ಗುರುವಾರ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇಲ್ಲ. ನಾನು ಕೂಡಲೇ ಮಾವನಿಗೆ ಫೋನ್ ಮಾಡಿದೆ.

ಗುರುವಾರ ಎಂಟಕ್ಕೆ ಮಾವ ಅಂಗಡಿಯ ಇನ್ವರ್ಟರ್ ಹೊತ್ತು ಬಂದ. ಅಪ್ಪ ಬಾಗಿಲಲ್ಲೇ ತಡೆದ. "ಅದನ್ನ ಹೊರಗಿಡು. ನನ್ನ ಪೆಟ್ಟಿಗೆ ಇದೆ."

"ಭಾವ, ಓಡಿ ದಣಿದವನು ಕೂತ್ರೆ ಉಸಿರು ಮರಳುತ್ತೆ. ಹಾಗಂತ ಊಟ ಆದಂಗಲ್ಲ. ನಿಮ್ಮ ಬ್ಯಾಟರಿ ಏರೋದೂ ಅಷ್ಟೇ."

"ಮಾತು ಬೇಡ. ನಿನ್ನ ಮೀಟರ್ ತೆಗಿ, ಅಳೆದು ನೋಡು."

ಮಾವ ಅಳೆದ. ಬ್ಯಾಟರಿಯಿಂದ ಪೆಟ್ಟಿಗೆಯೊಳಗೆ ಹೋಗುವುದನ್ನು ಬರೆದುಕೊಂಡ, ಹೊರಗೆ ಬರುವುದನ್ನು ಬರೆದುಕೊಂಡ, ವೋಲ್ಟನ್ನೂ ಕರೆಂಟನ್ನೂ ಗುಣಿಸಿದ. ಮತ್ತೊಮ್ಮೆ ಗುಣಿಸಿದ. ಅವನ ಮುಖ ಕಪ್ಪಿಟ್ಟಿತು. ಒಳಗೆ ಹೋಗಿದ್ದು ಇಪ್ಪತ್ತನಾಲ್ಕು ವ್ಯಾಟ್, ಹೊರಗೆ ಬಂದದ್ದು ನಲವತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅಪ್ಪ ಕೈತಟ್ಟಿ ನಕ್ಕ. "ಮೀಟರ್ ಮಾವನ ಮೀಟರೇ ಹೇಳ್ತು! ಇನ್ನೇನು ಬೇಕಪ್ಪಾ?"

"ಮೀಟರ್ ಮೋಸ ಹೋಗಿದೆ. ಇದರಿಂದ ಕರೆಂಟ್ ಸರಾಗ ಬರ್ತಿಲ್ಲ, ಕುಕ್ಕಿ ಕುಕ್ಕಿ ಬರ್ತಿದೆ. ಹಾಗೆ ಬಂದದ್ದನ್ನ ಎಣಿಸೋಕೆ ಈ ಮೀಟರಿಗೆ ಬರಲ್ಲ."

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಮಾವ ಸಿಟ್ಟಾಗಲಿಲ್ಲ. ಎರಡು ಲೋಟ ನೀರು ತರಿಸಿದ. ಒಂದನ್ನು ಹೀಟರ್ ಸುರುಳಿಯಿಂದ ಹತ್ತು ನಿಮಿಷ ನೇರ ಬ್ಯಾಟರಿಯಲ್ಲಿ ಕಾಯಿಸಿದ. ಇನ್ನೊಂದನ್ನು ಬ್ಯಾಟರಿಯಿಂದ ಅಷ್ಟೇ ಕರೆಂಟ್ ಎಳೆದು, ಅಷ್ಟೇ ಹೊತ್ತು, ಪೆಟ್ಟಿಗೆಯ ಮೂಲಕ ಕಾಯಿಸಿದ. "ಬೆರಳು ಅದ್ದಿ ನೋಡಿ ಭಾವ. ನೀರಿಗೆ ಸುಳ್ಳು ಹೇಳೋಕೆ ಬರಲ್ಲ." ನಾನು ಅದ್ದಿದೆ. ಮೊದಲನೆಯದು ಬಿಸಿ, ಎರಡನೆಯದು ಉಗುರುಬೆಚ್ಚಗೆ. ಅಪ್ಪ ಕೈ ಕಟ್ಟಿಕೊಂಡೇ ನಿಂತ. "ಬೆರಳಿಗೇನೋ ಗೊತ್ತು ವ್ಯಾಟಿನ ಲೆಕ್ಕ?"

ಒಂಬತ್ತು ಮುಕ್ಕಾಲು. ಇಬ್ಬರೂ ಹೋರಿಗಳ ಹಾಗೆ ನಿಂತಿದ್ದಾರೆ. ನನಗೆ ಇಬ್ಬರನ್ನೂ ಹೊರಗೆ ದಬ್ಬಬೇಕೆನ್ನಿಸಿತು.

ಮಂಚದಿಂದ ಅಮ್ಮನ ಸಣ್ಣ ದನಿ ಬಂತು. "ಇವರ ಪೆಟ್ಟಿಗೆಗೇ ಹಾಕು."

"ಅಕ್ಕಾ!"

"ನಿನ್ನದೂ ಪಕ್ಕದಲ್ಲಿರಲಿ. ಮೊದಲು ಇವರದು."

ಮಾವ ತನ್ನ ಇನ್ವರ್ಟರನ್ನು ಮಂಚದ ಕೆಳಗೆ ಚಾಲೂ ಮಾಡಿಟ್ಟ. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರನ್ನು ಅಮ್ಮನ ಬೆರಳಿಗೆ ಸಿಕ್ಕಿಸಿ, "ತೊಂಬತ್ತರ ಕೆಳಗೆ ಇಳಿದ್ರೆ ನಾನು ಯಾರ ಮಾತೂ ಕೇಳಲ್ಲ" ಅಂದ.

ಹತ್ತಕ್ಕೆ ಸರಿಯಾಗಿ ಫ್ಯಾನ್ ನಿಂತಿತು. ಅಪ್ಪ ಯಂತ್ರದ ಪ್ಲಗ್ಗನ್ನು ಪೆಟ್ಟಿಗೆಗೆ ಹಾಕಿದ. ಯಂತ್ರ ಗುಂಯ್ ಎಂದು ಎದ್ದಿತು. ಬೆರಳಿನ ಮೇಲೆ ತೊಂಬತ್ತನಾಲ್ಕು. ಅಪ್ಪನ ಮೀಸೆ ಅರಳಿತು. ಒಂದು ಕ್ಷಣ ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ.

ಆರನೇ ನಿಮಿಷಕ್ಕೆ ಗುಂಯ್ ಎನ್ನುವುದು ದಪ್ಪಗಾಯಿತು. ಏಳಕ್ಕೆ ಯಂತ್ರ ಕೂಗತೊಡಗಿತು. ತೊಂಬತ್ತೆರಡು. ತೊಂಬತ್ತು. ಎಂಬತ್ತೊಂಬತ್ತು. ಮಾವ ಪ್ಲಗ್ಗಿಗೆ ಕೈ ಹಾಕಿದ. ಅಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು. ಕಡ್ಡಿಯಂಥ ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ, ಮಾವನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಅವಳು ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು. ತುಟಿ ನೀಲಿಗಟ್ಟುತ್ತಿತ್ತು. ಎಂಬತ್ತೆಂಟು. ಎಂಬತ್ತೇಳು.

"ಬೇಡ ಕಣೇ, ಬೇಡ!" ಎಂದು ಅಪ್ಪ ಕುಸಿದು ಕೂತು, ತನ್ನ ಕೈಯಿಂದಲೇ ಪ್ಲಗ್ ಕಿತ್ತು, ಮಾವನ ಇನ್ವರ್ಟರಿಗೆ ಚುಚ್ಚಿದ.

ಅಂಕಿ ಏರಲು ಮೂರು ನಿಮಿಷ ಹಿಡಿಯಿತು. ಅಪ್ಪ ಗೋಡೆಗೆ ಒರಗಿ ಅತ್ತ. "ಕರೆಂಟ್ ಹೋದ್ರೂ ನಿನ್ನ ಉಸಿರು ನಿಲ್ಲಬಾರದು ಅಂತಲೇ ಮಾಡಿದ್ದು" ಅಂದ. "ಗೊತ್ತು ರೀ" ಅಂದಳು ಅಮ್ಮ.

ಆಮೇಲೆ ಅಪ್ಪನೇ ಟೈಲರ್ ಮನೆಗೆ ಹೋದ, ಇನ್ವರ್ಟರ್ ವಾಪಸ್ ಕೇಳಲು. ಮಾವ ಅಮ್ಮನ ಕಾಲ ಬಳಿ ಕೂತ. "ನಡೆಯಲ್ಲ ಅಂತ ನಿನಗೂ ಗೊತ್ತಿತ್ತಲ್ಲಕ್ಕಾ?"

"ಲೋಟದ ನೀರು ನೋಡಿ ಅವರು ನಂಬ್ಲಿಲ್ಲ. ಇವತ್ತು ಸುಮ್ಮನಿದ್ರೆ, ನೀನಿಲ್ಲದ ದಿನ ಇದಕ್ಕೇ ಹಾಕಿ ನನ್ನ ಕೊಲ್ತಿದ್ರು. ನನ್ನ ಬೆರಳು ನೋಡಿದ್ರೆ ನಂಬ್ತಾರೆ ಅಂತ ಗೊತ್ತಿತ್ತು."

ಮಾವ ಆ ಆಕ್ಸಿಮೀಟರನ್ನು ಅವಳ ಬೆರಳಿನಿಂದ ಬಿಡಿಸಿ ತನ್ನ ಜೇಬಿಗೆ ಹಾಕಿಕೊಂಡ. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದು ಸಲ ಇಂಥದ್ದನ್ನ ಅಳೀಬೇಡ ಅಕ್ಕಾ" ಅಂದ. ಅಳೆಯಬೇಡ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.