ಕೆಂಚಿ ತಿಂದ ಹೊನ್ನುಗ್ಗಿ

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತ ಬಂದೆ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಮಗಳ ಮದುವೆ ಮುಗಿಯಲಿ, ಕಣ್ಣಿನ ಆಪರೇಶನ್ ಆಗಲಿ, ಈ ಮಳೆಗಾಲ ಕಳೆಯಲಿ. ಈಗ ನೆಪಗಳು ಮುಗಿದಿವೆ. ಮೊದಲು ಯಾರಿಗೆ ಹೇಳಬೇಕಿತ್ತೋ ಆ ಜೀವವೂ ಇಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಆಗಿನ ದಿನಗಳಲ್ಲಿ, ಅಂದರೆ ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ, ನಮ್ಮೂರಿಗೆ ಬಸ್ಸು ಬರುತ್ತಿರಲಿಲ್ಲ. ಇಂಗಳೇಶ್ವರದ ದಾರಿಯಿಂದ ಒಳಕ್ಕಿದ್ದ ಸಣ್ಣ ಊರು. ಬಸವನ ಬಾಗೇವಾಡಿ ಎರಡು ಹರದಾರಿ ದೂರ. ನಮ್ಮಪ್ಪ ಕುಪ್ಪಸದ ಖಣ, ಸೀರೆ ಮಾರುವವನು. ಗಂಟು ಕಟ್ಟಿ ಸೈಕಲ್ಲಿನ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಒಂದು ಮಳೆ ಬಿದ್ದರೆ ಸಾಕು, ಎರೆ ಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲು ನಿಂತಲ್ಲೇ ನಿಲ್ಲುತ್ತಿತ್ತು. ಆಮೇಲೆ ಗಂಟೂ ಅಪ್ಪನ ತಲೆಯ ಮೇಲೆ, ಸೈಕಲ್ಲೂ ಅಪ್ಪನ ಹೆಗಲ ಮೇಲೆ. ಅಂಥದೊಂದು ಮಳೆಗಾಲ ಕಳೆದ ಮೇಲೆ ಅಪ್ಪ ಕುದುರೆ ಕೊಳ್ಳುವ ನಿರ್ಧಾರ ಮಾಡಿದ. ನಾನು ಹತ್ತು ವರ್ಷದವನು. ಕುಣಿದಾಡಿದೆ. "ಹುಲ್ಲು ನಾ ತರ್ತೇನಿ, ಮೈ ನಾ ತಿಕ್ತೇನಿ, ನೀ ಬರೇ ತೊಗೊಂಡು ಬಾ ಅಪ್ಪಾ" ಎಂದು ಅವನ ಧೋತರದ ಚುಂಗು ಹಿಡಿದು ಮಾತು ಕೊಟ್ಟೆ.

ಮುದ್ದೇಬಿಹಾಳದಲ್ಲಿ ಟಾಂಗಾ ಹೊಡೆಯುವುದನ್ನು ಬಿಟ್ಟವನೊಬ್ಬನಿಂದ ಅಪ್ಪ ಕುದುರೆ ತಂದ. ಕೆಂಪು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟು. ಕೆಂಚಿ ಎಂದು ಹೆಸರಿಟ್ಟೆವು. ಊರ ಬಾಗಿಲಾದ ಅಗಸಿಯೊಳಗೆ ಬರುತ್ತಿದ್ದ ಹಾಗೆ ಕಟ್ಟೆಯ ಮೇಲಿದ್ದವರು ಬಿಡಲಿಲ್ಲ.

"ಏನ್ರಿ ಸಾವಕಾರ್ರ, ಇನ್ನ ಖಣಾ ಮಾರಾಕ ಹೊಂಟೀರೋ, ಕ್ವಾಟಿ ಗೆಲ್ಲಾಕ ಹೊಂಟೀರೋ?"

"ಕ್ವಾಟಿ ಆಮ್ಯಾಲ ಗೆಲ್ತೇನಿ. ಮದಲ ಇದನ್ನ ಮನಿ ಒಳಗ ಹೊಗಿಸೂದು ನೋಡ್ತೇನಿ" ಎಂದ ಅಪ್ಪ. ಮೊದಲ ಕಷ್ಟ ಅದೇ ಆಯಿತು. ನಮ್ಮ ಮನೆಯ ಬಾಗಿಲು ತಲೆ ತಗ್ಗಿಸಿ ಬರುವ ಎಮ್ಮೆ, ಎತ್ತುಗಳಿಗೆಂದು ಇಟ್ಟದ್ದು. ಕೆಂಚಿ ತಲೆ ಎತ್ತಿಕೊಂಡೇ ಬರುತ್ತಿತ್ತು. ಎರಡು ಸಲ ಹಣೆ ಬಡಿದುಕೊಂಡಿತು. ಮರುದಿನ ಅಪ್ಪ ಬಾಗಿಲ ಮೇಲಿನ ಗೋಡೆ ಒಡೆಸಿದ.

ಅಲ್ಲಿಂದ ಮುಂದೆ ದಿನಕ್ಕೊಂದು ಗೊತ್ತಾಗತೊಡಗಿತು. ಎತ್ತು ಜೋಳದ ಕಣಿಕೆ ತಿಂದು ಮಲಗಿ ಮೆಲುಕು ಹಾಕುತ್ತದೆ. ಇದಕ್ಕೆ ಕಣಿಕೆ ಸೇರದು, ಕರಕಿ ಹುಲ್ಲೇ ಬೇಕು. ಎರಡು ಹೊತ್ತು ನೆನೆಸಿದ ಕಡಲೆ ಬೇಕು, ಉಪ್ಪು ಬೇಕು, ಖರಾರ ಎಂಬ ಕಬ್ಬಿಣದ ಹಣಿಗೆಯಿಂದ ಮೈ ಉಜ್ಜಬೇಕು. ಊರಲ್ಲಿ ಎತ್ತಿಗೆ ನಾಲು, ಅಂದರೆ ಲಾಳ, ಕಟ್ಟುವವನನ್ನು ಕರೆದರೆ ಅವನು ದೂರದಲ್ಲೇ ನಿಂತ. "ಕೆಡವಿ ಕಟ್ಟೂದು ಗೊತ್ತೈತ್ರಿ ನಮಗ. ನಿಂದರಿಸಿ ಕಾಲು ಹಿಡದು ಕಟ್ಟಾಕ ನನಗೇನ ಎರಡು ಜೀವ ಅದಾವೇನ್ರಿ?" ಕುದುರೆಗೆ ನಾಲು ಬಡಿಯುವವನು ಸಿಂದಗಿಯಲ್ಲಿ ಸಿಕ್ಕ. ಹೋಗಿ ಬರುವುದರಲ್ಲಿ ಮೂರು ದಿನದ ವ್ಯಾಪಾರ ಹೋಯಿತು.

ಊರಲ್ಲಿ ಕುದುರೆಯ ಸಂಗತಿ ತಿಳಿದವನು ಇಮಾಮ ಕಾಕಾ ಒಬ್ಬನೇ. ಪ್ರಾಯದಲ್ಲಿ ಟಾಂಗಾ ಹೊಡೆದಿದ್ದ ಮುದುಕ. ಕೆಂಚಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಮಗೆಲ್ಲ ಕೇಳುವ ಹಾಗೆ ಹೇಳಿದ:

"ಕಾಲು ಮುರದ್ರೂ ಕುದರಿ ಒಂದೊಂದು ಸಲ ಉಳೀತೈತಿ. ಹೊಟ್ಟಿ ಕೆಟ್ರ ಉಳ್ಯಾಂಗಿಲ್ಲ. ಎತ್ತಿನ ಹೊಟ್ಟಿ ಬ್ಯಾರೆ, ಇದರ ಹೊಟ್ಟಿ ಬ್ಯಾರೆ. ಹೆಚ್ಚಾದ್ರ ವಾಂತಿ ಮಾಡಾಕೂ ಬರಂಗಿಲ್ಲ ಇದಕ್ಕ. ತಿಳೀತೇನು?"

ತಿಳಿಯಿತು ಎಂದು ಎಲ್ಲರಿಗಿಂತ ಜೋರಾಗಿ ಗೋಣು ಹಾಕಿದವನು ನಾನೇ.

ಹುಲ್ಲು ತರುತ್ತೇನೆಂಬ ನನ್ನ ಮಾತು ಹತ್ತು ದಿನ ನಡೆಯಿತು. ಹಳ್ಳದ ಬದುವಿನಲ್ಲಿ ಕೂತು ಕರಕಿ ಕೀಳುವಾಗ ಬೆರಳು ಸೀಳುತ್ತಿದ್ದವು. ಗೆಳೆಯರು ಚಿಣಿಫಣಿ ಆಡಲು ಕರೆಯುತ್ತಿದ್ದರು. ಮೆಲ್ಲಗೆ ಆ ಕೆಲಸ ಅಕ್ಕನ ಮೇಲೆ ಬಿತ್ತು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು, ಏಳನೆಯ ಇಯತ್ತೆ. ಬೆಳಗ್ಗೆ ಹಳ್ಳಕ್ಕೆ ಹೋಗಿ ಹುಲ್ಲು ತಂದು, ಕಡಲೆ ಹಾಕಿ, ಲದ್ದಿ ಬಳಿದು, ಓಡುತ್ತ ಸಾಲೆಗೆ ಹೋಗುವಳು. ಪ್ರಾರ್ಥನೆ ಮುಗಿದಿರುತ್ತಿತ್ತು. ಅವಳ ಲಂಗಕ್ಕೆ ಯಾವಾಗಲೂ ಹಸಿ ಹುಲ್ಲು ಮತ್ತು ಕುದುರೆಯ ಬೆವರಿನ ವಾಸನೆ. ತರಗತಿಯ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಆದರೂ ಅವಳು ಒಂದು ದಿನವೂ ಬೇಸರ ಮಾಡಿಕೊಂಡದ್ದು ನೋಡಲಿಲ್ಲ. ಅವಳ ಹೆಜ್ಜೆಯ ಸಪ್ಪಳ ಕೇಳಿದರೆ ಕೆಂಚಿ ಮೂಗಿನಲ್ಲಿ ಗುರುಗುಟ್ಟಿ ಕಿವಿ ಮುಂದೆ ಮಾಡುತ್ತಿತ್ತು. ನನಗೆ ಹಾಗೆ ಎಂದೂ ಮಾಡಲಿಲ್ಲ.

ಅಕ್ಕ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಸಾಲೆಗೇ ಮೊದಲಿಗಳಾಗಿ ಪಾಸಾದಳು. ಮಾಸ್ತರು ಮನೆಗೆ ಬಂದರು. ಬಾಗೇವಾಡಿಯ ಹೈಸ್ಕೂಲಿಗೆ ಕಳಿಸಿರಿ ಎಂದರು. ಹೆಣ್ಣು ಹುಡುಗಿ ಎರಡು ಹರದಾರಿ ಹೇಗೆ ಹೋದಾಳು ಎಂದು ಅವ್ವ ಅಳುಕಿದಳು. ಅಪ್ಪ ಬಹಳ ಹೊತ್ತು ಅಡಿಕೆ ಅಗಿದು ಹೇಳಿದ:

"ಕುದರಿ ಇರೂತನಾ ಚಿಂತಿ ಇಲ್ರಿ ಮಾಸ್ತರ. ಮುಂಜಾನೆ ಗಂಟಿನ ಜೋಡಿ ಇಕಿನ್ನೂ ಕುಂದರಿಸಿಕೊಂಡು ಹೋಗಿ ಸಾಲಿ ಮುಂದ ಇಳಸ್ತೇನಿ. ಸಂಜೀಕ ಕರಕೊಂಡು ಬರ್ತೇನಿ. ಕುದರಿ ಇಲ್ಲಂದ್ರ ಮಾತ್ರ ನನ್ನ ಕೈಲೆ ಆಗೂದಿಲ್ಲ."

ಅಕ್ಕ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅಂದಿನಿಂದ ಕೆಂಚಿಯ ಕಡಲೆಯನ್ನು ಅವಳು ಒಂದೊಂದೇ ಆರಿಸಿ ನೆನೆಹಾಕತೊಡಗಿದಳು.

ಜೂನ್ ತಿಂಗಳಲ್ಲಿ ಹೈಸ್ಕೂಲು ಶುರುವಾಯಿತು. ನೀಲಿ ಲಂಗ, ಬಿಳಿ ಕುಪ್ಪಸ. ಗಂಟುಗಳ ನಡುವೆ ಕೂತು, ಪಾಟಿಚೀಲ ಎದೆಗೆ ಅವಚಿಕೊಂಡು ಹೋಗುವಳು. ಅಪ್ಪ ಲಗಾಮು ಹಿಡಿದು ಮುಂದೆ ನಡೆಯುವನು. ಸಂಜೆ ಬಂದವಳೇ ನನ್ನನ್ನು ಕೂಡಿಸಿಕೊಂಡು, "ತಮ್ಮಾ, ಇಂಗ್ಲಿಷ್ ಮಾಸ್ತರು ನನ್ನ ಎಬ್ಬಿಸಿ ಓದಿಸಿದ್ರು" ಎಂದು ಎರಡು ಸಾಲು ಓದಿ ತೋರಿಸುವಳು. ನನಗೆ ಅಸೂಯೆಯಾಗುತ್ತಿತ್ತು. ಕುದುರೆ ಬರುತ್ತದೆಂದು ಕುಣಿದಾಡಿದವನು ನಾನು, ಅದರ ಮೇಲೆ ಕೂತು ಹೋಗುವವಳು ಅವಳು. ಇದನ್ನೂ ಮುಚ್ಚಿಡುವುದಿಲ್ಲ.

ಎರಡು ವಾರ ಪೂರ್ತಿ ಆಗಿರಲಿಲ್ಲ. ಕಾರಹುಣ್ಣಿಮೆ ಬಂತು. ನಮ್ಮ ಕಡೆ ಅದರ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈ ತೊಳೆದು, ಜೋಳದ ಕಿಚಡಿ ಮಾಡಿ ಅವಕ್ಕೆ ಹೊಟ್ಟೆ ತುಂಬ ಉಣ್ಣಿಸುತ್ತಾರೆ. ಊರೆಲ್ಲ ಬೆಂದ ಜೋಳದ ಘಮ. ನಮ್ಮ ಮನೆಯಲ್ಲಿ ಆಗ ಎತ್ತು ಇರಲಿಲ್ಲ. ಅಗಸಿಯ ಹತ್ತಿರ ಹುಡುಗರು ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ನಾನೂ ಕುಂಚಕ್ಕೆ ಕೈ ಹಾಕಿದೆ.

"ಏ, ನೀ ಯಾಕ ಮುಟ್ತಿಯೋ? ನಿಮ್ಮ ಮನ್ಯಾಗ ಎತ್ತೆಲ್ಲಿ ಅದಾವ?"

"ಕುದರಿ ಐತಿ!"

"ಕುದರಿಗಿ ಕೋಡು ಅದಾವೇನಲೇ? ಹೊನ್ನುಗ್ಗಿ ಐತೇನು? ಹೋಗು, ಖಣಾ ಮಾರು ಹೋಗು!"

ಎಲ್ಲರೂ ನಕ್ಕರು. ಕಣ್ಣೀರು ಬಂತು. ನೆಟ್ಟಗೆ ಪಕ್ಕದ ಮನೆಯ ಹಿತ್ತಿಲಿಗೆ ಹೋದೆ. ಅಲ್ಲಿ ದೊಡ್ಡ ಹಂಡೆಯಲ್ಲಿ ಎತ್ತುಗಳು ತಿಂದು ಬಿಟ್ಟ ಕಿಚಡಿ ಇನ್ನೂ ಉಳಿದಿತ್ತು. ಬಕೆಟ್ಟು ತುಂಬಿಕೊಂಡು ಬಂದೆ. ಕೆಂಚಿ ಆಗಷ್ಟೇ ಬಾಗೇವಾಡಿಯಿಂದ ಬಂದು, ಅಕ್ಕ ಹಾಕಿದ ಕಡಲೆ ತಿಂದು ನಿಂತಿತ್ತು. ಅಕ್ಕ ಒಳಗೆ ಕಂದೀಲಿನ ಗಾಜು ಒರೆಸುತ್ತಿದ್ದಳು. ಬಕೆಟ್ಟು ಇಟ್ಟೆ. ಮೂತಿ ಇಟ್ಟು ಗಬಗಬ ತಿಂದಿತು. ಇನ್ನೊಂದು ಬಕೆಟ್ಟು ತಂದೆ. ಅದನ್ನೂ ತಿಂದಿತು. ಮೇಲೆ ನೀರು ಕುಡಿಸಿದೆ. "ನಮ್ಮದೂ ಹೊನ್ನುಗ್ಗಿ ಆತು" ಎಂದು ಅದರ ಕಿವಿಯಲ್ಲಿ ಹೇಳಿದೆ. ಆ ಹೊತ್ತಿನಲ್ಲಿ ನನಗೆ ಆದ ಸಂತೋಷ ನೆನೆದರೆ ಇವತ್ತೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಮರುದಿನ ಬೆಳಗ್ಗೆ ಕೆಂಚಿ ನೆಲದ ಮೇಲೆ ಹೊರಳಾಡುತ್ತಿತ್ತು. ಏಳುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು, ಮತ್ತೆ ಬೀಳುವುದು. ಮೈಯೆಲ್ಲ ಬೆವರಿ ಕಪ್ಪಾಗಿತ್ತು. ಅಪ್ಪ ಇಮಾಮ ಕಾಕಾನನ್ನು ಕರೆತಂದ. ಕಾಕಾ ಹೊಟ್ಟೆಗೆ ಕಿವಿ ಹಚ್ಚಿ ಕೇಳಿ, ಎದ್ದು ನಮ್ಮೆಲ್ಲರ ಮುಖ ನೋಡಿದ.

"ನಿನ್ನೆ ಏನು ತಿಂದೈತಿ? ಖರೆ ಹೇಳ್ರಿ. ಹೊಟ್ಟಿ ಬಿರಿ ತಿಂದಿದ್ರ ಒಂದು ಹನಿ ಏನೂ ಹಾಕಬಾರದು, ಬರೇ ಅಡ್ಡಾಡಿಸಬೇಕು. ಥಂಡಿ ಹಿಡದಿದ್ರ ಬಿಸಿ ಅಂಬಲಿ ಕುಡಿಸಬೇಕು. ಎರಡೂ ಉಲ್ಟಾ ಅದಾವು."

"ದಿನಾ ಹಾಕುವಷ್ಟ ಕಡ್ಲಿ ಹಾಕೇನ್ರಿ ಕಾಕಾ. ಒಂದು ಬೊಗಸಿ ಹೆಚ್ಚಿಲ್ಲ, ಕಡಿಮಿ ಇಲ್ಲ" ಎಂದಳು ಅಕ್ಕ.

"ಬ್ಯಾರೆ ಯಾರರ ಏನರ ಹಾಕೀರೇನು?"

ಅವನು ನನ್ನನ್ನೂ ನೋಡಿದ. ಅಪ್ಪನ ಕೈಯಲ್ಲಿ ಬಾರಕೋಲು ಇತ್ತು. ಇಲ್ಲ ಎಂದು ಗೋಣು ಅಲ್ಲಾಡಿಸಿದೆ.

"ಹಂಗಾರ ಥಂಡೀನ" ಎಂದ ಕಾಕಾ. ಅವ್ವ ಅಜವಾನ ಹಾಕಿ ಅಂಬಲಿ ಕಾಸಿದಳು. ಅಕ್ಕ ಕೆಂಚಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಡಿಸಿದಳು. "ಕುಡಿಯವ್ವಾ, ಇದೊಂದು ಗುಟುಕು ಕುಡಿ. ನಾಳೆ ಸಾಲಿಗಿ ಹೋಗೂದೈತಿ ನಾವು" ಅನ್ನುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ. ಹೇಳಲು ಇನ್ನೂ ಹೊತ್ತಿತ್ತು. ಮೊದಲ ತಂಬಿಗೆ ಮುಗಿದಾಗ ಹೇಳಬಹುದಿತ್ತು. ಎರಡನೆಯದು ಮುಗಿದಾಗಲೂ ಹೇಳಬಹುದಿತ್ತು. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿತು. ಮಧ್ಯಾಹ್ನ, ಊರಲ್ಲಿ ಹಲಗೆಯ ಸಪ್ಪಳ ಕೇಳುತ್ತಿರುವಾಗ, ಕೆಂಚಿಯ ಕಾಲುಗಳು ಒಮ್ಮೆ ನೆಟ್ಟಗಾಗಿ ಸುಮ್ಮನಾದವು.

ಅಪ್ಪನಿಗೆ ಹುಚ್ಚು ಹಿಡಿದಂತಾಯಿತು. "ಸುಮ್ಮಸುಮ್ಮನ ಸಾಯಾಕ ಅದಕ್ಕೇನು ಬ್ಯಾನಿ ಬಂದಿತ್ತು? ಯಾರೋ ಏನೋ ಹಾಕೀರಿ!" ಎಂದು ಗದರುತ್ತ ನನ್ನ ರಟ್ಟೆ ಹಿಡಿದ. "ನೀ ಇಲ್ಲೇ ಇದ್ದೆಲ್ಲೋ ಸಂಜೀಕ? ಏನು ನೋಡೀದಿ, ಬೊಗಳು!"

"ಅಕ್ಕ... ಅಕ್ಕ ಎರಡನೇ ಸಲ ಕಡ್ಲಿ ಹಾಕಿದ್ಲು" ಎಂದೆ.

ಸುಮ್ಮನಿದ್ದು ಕುದುರೆಯನ್ನು ಕೊಂದೆ. ಬಾಯಿ ತೆರೆದು ಅವಳನ್ನು ಕೊಂದೆ.

ಅಕ್ಕ ನನ್ನನ್ನೇ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ. "ಇಲ್ಲಪ್ಪಾ, ನಿನ್ನಾಣಿ ಇಲ್ಲ" ಎಂದಳು. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ಜೋರಾಗಿ ನಡೀಲಿ ಅಂತ ತುರುಕಿದ್ದಿ. ಸಾಲಿಗಿ ಹೊತ್ತಾಗ್ತದಲ್ಲ ನಿನಗ. ಸಾಕು ತಾಯಿ. ನಿನ್ನ ಸಾಲೀನೂ ಸಾಕು, ನಿನ್ನ ಶಾಣೇತನಾನೂ ಸಾಕು."

ಆ ಸಂಜೆ ಊರವರು ಕರಿ ಹರಿಯುವ ಓಟಕ್ಕೆ ಸಿಂಗರಿಸಿದ್ದ ಎತ್ತುಗಳನ್ನೇ ಹೂಡಿ ಕೆಂಚಿಯನ್ನು ಹಳ್ಳದ ಆಚೆಗೆ ಎಳೆಸಬೇಕಾಯಿತು. ಬಣ್ಣ ಹಚ್ಚಿದ ಕೋಡು, ಕೊರಳಲ್ಲಿ ಗೆಜ್ಜೆ. ಹಿಂದೆ ಹಗ್ಗಕ್ಕೆ ಕಟ್ಟಿದ ಕುದುರೆ. ಗೆಜ್ಜೆಯ ಸಪ್ಪಳ ಹಳ್ಳದ ತನಕ ಕೇಳಿತು. ನನ್ನನ್ನು ಅಣಕಿಸಿದ್ದ ಹುಡುಗರು ಆ ದಿನ ನಗಲಿಲ್ಲ.

ಎರಡು ದಿನದ ಮೇಲೆ ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗೋಡೆಯ ಮೂಲೆಯಿಂದ ಆ ಬಕೆಟ್ಟು ತಂದಳು. ತಳದಲ್ಲಿ ಒಣಗಿ ಅಂಟಿಕೊಂಡಿದ್ದ ಕಿಚಡಿಯನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಹಿಡಿದು ನೋಡಿದಳು. ನಾನು ಎದುರಿಗೇ ಇದ್ದೆ. ಮೆಲ್ಲಗೆ, "ಕಾಕಾ ಕೇಳಿದಾಗ ಹೇಳಬೇಕಿತ್ತಲ್ಲೋ ತಮ್ಮಾ. ಅದು ಉಳೀತಿತ್ತು" ಎಂದಳು. ತನ್ನ ಮಾತು ಎತ್ತಲಿಲ್ಲ. ಬಕೆಟ್ಟು ತೊಳೆದು ಬೋರಲು ಇಟ್ಟಳು. ಅಪ್ಪನಿಗೆ ಹೇಳುತ್ತಾಳೆಂದು ನಾನು ಆ ದಿನ ಕಾದೆ, ಆ ವಾರ ಕಾದೆ. ಅವಳು ಹೇಳಲೇ ಇಲ್ಲ. ಅಪ್ಪ ಸಾಯುವವರೆಗೂ ಕುದುರೆಯನ್ನು ಕೊಂದವಳು ಮಗಳೆಂದೇ ನಂಬಿದ್ದ. ಆ ಮೇಲೆ ಅವಳ ಜೊತೆ ಅವನು ನಗುತ್ತ ಮಾತಾಡಿದ್ದು ನನಗೆ ನೆನಪಿಲ್ಲ.

ಅಪ್ಪ ಮತ್ತೆ ಸೈಕಲ್ಲು ಹಿಡಿದ. ಅಕ್ಕನ ನೀಲಿ ಲಂಗವನ್ನು ಅವ್ವ ಕತ್ತರಿಸಿ ದಿಂಬಿನ ಚೀಲ ಹೊಲಿದಳು. ಹದಿನಾರು ತುಂಬುವ ಮೊದಲೇ ಅವಳನ್ನು ಇಂಡಿಯ ಕಡೆ ಹೊರ್ತಿಗೆ ಕೊಟ್ಟರು. ಆ ಮರುವರ್ಷ ನಮ್ಮೂರಿಗೆ ಬಸ್ಸು ಬಂತು. ಅದೇ ಬಸ್ಸಿನಲ್ಲಿ ನಾನು ಅದೇ ಹೈಸ್ಕೂಲಿಗೆ ಹೋದೆ, ಅದೇ ಇಂಗ್ಲಿಷ್ ಮಾಸ್ತರ ಕೈಯಲ್ಲಿ ಕಲಿತು ಹತ್ತನೆಯದು ಪಾಸಾದೆ. ಅವಳು ಬಿಟ್ಟುಹೋದ ಪುಸ್ತಕಗಳೇ ನನಗೆ ಸಾಲಿದವು. ಮೊದಲ ಎರಡು ಪಾಠಗಳ ಕೆಳಗೆ ಅವಳು ಪೆನ್ಸಿಲ್ಲಿನಿಂದ ಅರ್ಥ ಬರೆದಿದ್ದಳು. ಮೂರನೆಯ ಪಾಠದಿಂದ ಹಾಳೆ ಬಿಳಿ.

ಒಮ್ಮೆ, ಇಬ್ಬರ ತಲೆಯೂ ನೆರೆತ ಮೇಲೆ, ಹೊರ್ತಿಯ ಅವಳ ಮನೆಯಲ್ಲಿ ಒಲೆಯ ಮುಂದೆ ಕೂತು ಬಾಯಿ ತೆರೆದೆ. "ಅಕ್ಕಾ, ಆ ಕುದರಿ..."

"ಯಾವ ಕುದರಿಯೋ?" ರೊಟ್ಟಿ ಬಡಿಯುತ್ತಿದ್ದ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. "ಉಣ್ಣು. ರೊಟ್ಟಿ ಆರಾಕತ್ತಾವ."

ನಾನು ಉಂಡೆ. ಮರೆತಿದ್ದಾಳೆ, ಬಿಡು, ಎಂದು ನನಗೆ ನಾನೇ ಹೇಳಿಕೊಂಡು ಎದ್ದು ಬಂದೆ. ನಿಂತ ಆ ಕೈಯನ್ನು ಕಂಡೂ ಹಾಗೆ ಹೇಳಿಕೊಂಡೆ. ಹೋದ ವರ್ಷ ಅವಳು ತೀರಿಕೊಂಡಳು. ಹೆಣದ ಕಾಲು ಮುಟ್ಟಿದೆ. ಅಷ್ಟು ಜನರ ನಡುವೆ ಅಲ್ಲಿಯೂ ನನ್ನ ಬಾಯಿ ತೆರೆಯಲಿಲ್ಲ.

ಈಗ ನಮ್ಮೂರಿನ ದಾರಿ ಡಾಂಬರಾಗಿದೆ. ಮಳೆಯಲ್ಲೂ ಯಾರ ಗಾಲಿಯೂ ಸಿಕ್ಕಿಕೊಳ್ಳುವುದಿಲ್ಲ. ಬೆಳಗ್ಗೆ ಹುಡುಗಿಯರು ಚೀಲ ಹಾಕಿಕೊಂಡು ಬಾಗೇವಾಡಿಯ ಬಸ್ಸಿಗೆ ಸಾಲಾಗಿ ನಿಲ್ಲುತ್ತಾರೆ. ಇದನ್ನು ಕಂಡು ಸಂತೋಷಪಡಬೇಕಾದ ವಯಸ್ಸು ನನ್ನದು. ಆ ಹೊತ್ತಿಗೆ ನಾನು ಮನೆಯಿಂದ ಹೊರಗೆ ಬರುವುದಿಲ್ಲ. ಅವಳಲ್ಲಿದ್ದ ಬುದ್ಧಿಗೆ ಏನಾಗಬಹುದಿತ್ತೋ ನನಗೆ ಗೊತ್ತಿಲ್ಲ. ಅದು ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು. ಈ ವಯಸ್ಸಿನಲ್ಲಿ ಬರೆದು ಹಗುರಾಗುತ್ತೇನೆಂದು ಕೂತೆ, ಆಗಲಿಲ್ಲ.

ಇಲ್ಲಿಯವರೆಗೆ ಅಕ್ಕ, ಅಕ್ಕ ಎಂದೇ ಬರೆದಿದ್ದೇನೆ. ಹಾಗೆ ಬರೆದರೆ ಅವಳು ಯಾರ ಅಕ್ಕನಾದರೂ ಆಗಬಹುದು, ತಪ್ಪೂ ಯಾರದಾದರೂ ಆಗಬಹುದು. ಹಾಗಲ್ಲ. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಐವತ್ತು ವರ್ಷ ಹೇಳದೆ ಉಳಿದದ್ದು ನೀಲಮ್ಮನಿಗೆ.