ಶರಣವ್ವನ ಒಂಟಿ ಕದ

ಶರಣವ್ವ ಮೊಣಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದಳು. ಅಂಗೈಗೆ ಸದಾ ಸಗಣಿ, ಮಣ್ಣು ಮೆತ್ತಿರುತ್ತಿತ್ತು. ವಾಡಿ ಊರಿನ ಅರ್ಧ ಮನೆಗಳ ಗೋಡೆ ಸಾರಿಸಿದವಳು ಆಕೆ. ಗೋಡೆ ಉಬ್ಬುತಗ್ಗಾಗಿದ್ದರೆ ಕಟ್ಟಿದವನನ್ನು ಎದುರಿಗೇ ಕೇಳುವಳು: "ಗ್ವಾಡಿ ಕಟ್ಟೀಯೋ, ಜ್ವಾಳದ ರಾಶಿ ಹಾಕೀಯೋ?"

ನಿಜಾಮರ ಆಡಳಿತ ಮುಗಿದ ಮೂರ್ನಾಲ್ಕು ವರ್ಷಕ್ಕೆ ಊರಲ್ಲಿ ನೆಲದೊಳಗೊಂದು ಕಾಂಕ್ರೀಟಿನ ನೀರಿನ ತೊಟ್ಟಿ ಕಟ್ಟಿಸತೊಡಗಿದರು. ನಾನು ಆಳುಗಳ ಹಾಜರಿ ಬರೆಯುವ ಗುಮಾಸ್ತ. ಶರಣವ್ವ ಮಣ್ಣು ಹೊರುವ ಹೆಂಗಸರಿಗೆಲ್ಲ ಹಿರಿಯಳು. ಮಳೆ ಬಿದ್ದು ತೊಟ್ಟಿಗೆಂದು ತೋಡಿದ ಗುಂಡಿಯ ಒಂದು ಬದಿ ಬಿರುಕು ಬಿಟ್ಟಿತು. ಅದನ್ನು ತಡೆಯಲು ಹಲಗೆ ಸಾಲದೆ ಕೆಲಸ ಬಂದ್ ಆಯಿತು, ಕೂಲಿಯೂ ಬಂದ್. ಮರುದಿನ ಬೆಳಿಗ್ಗೆ ಶರಣವ್ವ, ತೀರಿಹೋದ ಗಂಡ ಕೈಯಾರೆ ಮಾಡಿದ್ದ ತನ್ನ ಮನೆ ಬಾಗಿಲಿನ ಎರಡು ಕದಗಳನ್ನೂ ಕಳಚಿ ಹೊರಿಸಿಕೊಂಡು ಬಂದಳು.

ಬಿರುಕು ಬಿಟ್ಟ ಬದಿಗೆ ಆನಿಸಿ ನಿಲ್ಲಿಸಿದ ಆ ಕದಗಳಿಗೆ ಒತ್ತಿಯೇ ಕಾಂಕ್ರೀಟು ಸುರಿಯಬೇಕಾಗಿತ್ತು. ಒರಟು ಮರವನ್ನು ಅದು ಕಚ್ಚಿಕೊಂಡರೆ ಕದ ಮತ್ತೆ ಮೇಲೆ ಬಾರದು. ಅದಕ್ಕೇ ಆಕೆ ಗುಂಡಿಗಿಳಿದು ಕದಗಳ ಮೈಗೆಲ್ಲ ಮಣ್ಣು, ಸಗಣಿ ಕಲಸಿ ನುಣ್ಣಗೆ ಸಾರಿಸಿದಳು. ಅಷ್ಟರಲ್ಲಿ ಓವರ್‌ಸಿಯರ್ ಬಂದರು.

"ಕಾಂಕ್ರೀಟಿಗೆ ಸಗಣಿ ಏನು? ಏ ಬಾಬು, ಎಲ್ಲಾ ಕೆರದು ತೆಗಿ!" ಎಂದು ನನ್ನತ್ತ ಕೂಗಿದರು.

"ಸಾಹೇಬ್ರ, ನಿಮಗ ಗ್ವಾಡಿ ಬೇಕು, ನನಗ ಬಾಗಲಾ ಬೇಕು. ಇಬ್ಬರದೂ ಉಳೀಲಿ ಬಿಡ್ರಿ," ಎಂದಳು ಶರಣವ್ವ.

ಅವರು ಕೇಳಲಿಲ್ಲ. ನೌಕರಿಯ ಭಯಕ್ಕೆ ನಾನೇ ಇಳಿದು ಒಂದು ಕದವನ್ನು ಮರ ಕಾಣುವಂತೆ ಕೆರೆದೆ. ಅವರು ಊಟಕ್ಕೆ ಹೋದದ್ದೇ ತಡ, ಶರಣವ್ವ ನನ್ನ ಕೈಯ ಕರಣೆ ಕಸಿದುಕೊಂಡು, "ಸಾಕು ಬಿಡು ತಮ್ಮಾ, ಭಾಳ ದಣದಿ," ಎಂದಳು. ಕಾಂಕ್ರೀಟು ಆಗಲೇ ಕಲಸಿಯಾಗಿತ್ತು; ಕೆರೆದದ್ದನ್ನು ಮತ್ತೆ ಸಾರಿಸಲು ಹೊತ್ತಿರಲಿಲ್ಲ, ಇನ್ನೊಂದು ಕದದ ಸಾರಣೆಯಷ್ಟೇ ಉಳಿಯಿತು.

ಗೋಡೆ ಗಟ್ಟಿಯಾದ ಮೇಲೆ ಹತ್ತು ಜನ ಹಗ್ಗ ಕಟ್ಟಿ ಎಳೆದೆವು. ಸಾರಿಸಿದ ಕದ ಸರ್ರನೆ ಮೇಲೆ ಬಂತು. ನಾನು ಕೆರೆದದ್ದು ಜಪ್ಪಯ್ಯ ಅನ್ನಲಿಲ್ಲ. ಹಗ್ಗ ಹರಿದು ಎಲ್ಲರೂ ಅಂಗಾತ ಬಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ಆಕೆಯೇ. ಆಮೇಲೆ ಅಂಚಿನಲ್ಲಿ ಕೂತು ಒಳಗೆ ಇಣುಕಿ ನೋಡಿ, "ಹೋಗ್ಲಿ. ಒಂದು ನಂದು, ಒಂದು ನೀರಿಂದು," ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಬಡಿಗನಿಂದ ಹೊಸ ಕದ ಮಾಡಿಸಿ ಒಯ್ದೆ. "ಇದು ಅದಕ್ಕ ಜೋಡಿ ಆಗಲ್ಲ ತಮ್ಮಾ," ಎಂದು ತಿರುಗಿಸಿ ಕಳಿಸಿದಳು. ಒಂಟಿ ಕದದ ಪಕ್ಕಕ್ಕೆ ಗೋಣಿತಟ್ಟು ಕಟ್ಟಿಕೊಂಡಳು. ನನಗೆ ಸೇಡಂಗೆ ವರ್ಗವಾದಾಗ ಹೇಳಿ ಬರಲು ಹೋದೆ. ಚಹಾ ಕೊಟ್ಟು, "ಆ ತೊಟ್ಟಿ ಒಡದ ದಿನ ಬಂದು ನನ್ನ ಕದ ತಗದು ಕೊಡಬೇಕು ನೋಡು," ಎಂದು ನಕ್ಕಳು. ಆಗಲಿ ಎಂದೆ. ಅದೇ ಕೊನೆಯ ಭೇಟಿ.

ಶರಣವ್ವ ಹೋಗಿ ಎಷ್ಟೋ ವರ್ಷವಾಯಿತು. ತೊಟ್ಟಿ ಇನ್ನೂ ಹನಿ ಸೋರಿಲ್ಲ. ಈಗ ವಾಡಿಗೆ ಹೋದರೆ, ಕೆಲಸ ಎಂದರೆ ಹೀಗಿರಬೇಕು ಎಂದು ಜನ ನನ್ನೆದುರೇ ಹೊಗಳುತ್ತಾರೆ. ಆಕೆ ಇದ್ದಾಗಲೇ ಅದು ಒಮ್ಮೆ ಒಡೆಯಬಾರದಿತ್ತೇ ಎನಿಸುತ್ತದೆ ನನಗೆ.