ಗೇಟು ಮೇಷ್ಟ್ರು

ಊರಿಗೆಲ್ಲ ಅವರು ಗೇಟು ಮೇಷ್ಟ್ರು. ಆರು ಜನರ ಹೊಲ, ಹುಲ್ಲುಗಾವಲು ದಾಟಿ ಹೋಗುವ ಓಟದ ಪಂದ್ಯವನ್ನು ವರ್ಷವರ್ಷವೂ ನಡೆಸುವವರು ಅವರೇ. ಬೇರೆಯವರಾದರೆ ಓಟ ಶುರುಮಾಡಲು ಸೀಟಿ ಊದುತ್ತಾರೆ, ಇವರು "ದಾಟಿದ ಮೇಲೆ ಗೇಟು ಹಾಕ್ರಪ್ಪಾ!" ಎಂದು ಕೂಗುತ್ತಾರೆ. ಯಮ ಬಂದು ಕರೆದರೂ ಹಿತ್ತಲ ಬಾಗಿಲು ಹಾಕಿ ಬಂದೇ ಹೊರಡುವ ಮನುಷ್ಯ ಎಂದು ಹೆಂಡತಿಯ ದೂರು. ಓಟಗಾರರ ಹೆಸರು ಮರೆತಾರು, ದಾರಿಯಲ್ಲಿ ಸಿಗುವ ಯಾವ ಹಸು ಹಾಯುತ್ತದೆ, ಯಾವುದು ಬರೀ ಹೆದರಿಸುತ್ತದೆ ಎಂಬುದನ್ನು ಮರೆಯರು. ಈ ಸಲದ್ದು ಇಪ್ಪತ್ತೈದನೆಯ ಓಟ. ಗೆದ್ದವರಿಗೆ ಕೊಡುವ ಕಪ್ಪಿನ ಮೇಲೆ ಆ ಅಂಕಿ ಕೆತ್ತಿಸಿ, ದಿನಕ್ಕೆರಡು ಸಲ ಒರೆಸಿಡುತ್ತಿದ್ದರು. ಎರಡೇ ದಿನ ಬಾಕಿಯಿರುವಾಗ ಯಾರೋ ಪಶುವೈದ್ಯರಿಗೆ ಫೋನು ಮಾಡಿ, ಹಸುವೊಂದು ಜೊಲ್ಲು ಸುರಿಸುತ್ತ ಕುಂಟುತ್ತಿದೆ ಎಂದರು. ಕಾಲುಬಾಯಿ ರೋಗವೇ ಹೌದೆಂದಾಯಿತು. ರೋಗ ಕಾಲಿಗಂಟಿಕೊಂಡು ಊರ ದನಗಳಿಗೆಲ್ಲ ಹರಡೀತೆಂದು, ಹೊಲಗಳಿಗೆ ಯಾರೂ ಕಾಲಿಡದಂತೆ ಹಗ್ಗ ಕಟ್ಟಿದರು, ಓಟ ನಿಂತಿತು. ಆರು ತಿಂಗಳು ಬೆವರು ಹರಿಸಿದ್ದ ಓಟಗಾರರು ಮೇಷ್ಟ್ರ ಅಂಗಳದಲ್ಲಿ ಸೇರಿ ಹಲ್ಲು ಕಡಿದರು: "ಇನ್ನೆರಡು ದಿನ ಸುಮ್ನಿರೋಕೆ ಏನಾಗಿತ್ತು ಸಾರ್, ಆ ಫೋನ್ ಮಾಡಿದ ಪುಣ್ಯಾತ್ಮನಿಗೆ?" ದಾರಿಗುಂಟ ಬಾವುಟ ನೆಡಲು ಹೋಗಿ ಆ ಹಸುವನ್ನು ಮೊದಲು ಕಂಡವರೂ, ಅದರೆದುರು ಅರ್ಧ ಗಂಟೆ ಕೈಕಟ್ಟಿ ನಿಂತು ಆಮೇಲೆ ಫೋನು ಮಾಡಿದವರೂ ಮೇಷ್ಟ್ರೇ. ಬಕೆಟ್ಟಿನ ಔಷಧಿ ನೀರಿನಲ್ಲಿ ಬೂಟು ತಿಕ್ಕುತ್ತಿದ್ದವರು ತಲೆ ಎತ್ತಲಿಲ್ಲ. "ತೆರೆದ ಗೇಟು ಕಣ್ಣಿಗೆ ಬಿದ್ಮೇಲೆ, ಹಾಕದೆ ಹೇಗ್ರೋ ಬರೋದು?" ಎಂದರು.